ಸ್ಲೀಪರ್ ಬೋಗಿಯಲ್ಲಿ ನಾಯಿ ಕರೆದೊಯ್ಯಬಹುದೇ?

ಲ್ಯಾಬ್ರಡಾರ್ ಜೊತೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸ್ಲೀಪರ್‌ನಲ್ಲಿ ಹೋಗಬಹುದಾ, ಬೇರೆ ಪ್ರಯಾಣಿಕರು ನಾಯಿ ಬೇಡ ಅನ್ನುವುದು ಸರಿಯಾ ಅಂತ ಕೇಳಿದ್ದೀರಿ.

ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಸೆಕೆಂಡ್ ಎಸಿ, ಥರ್ಡ್ ಎಸಿಯಲ್ಲೂ ಇಲ್ಲ. ಫಸ್ಟ್ ಎಸಿಯಲ್ಲಿ 2 ಬರ್ತ್‌ನ ಕೂಪೆ (ಬಾಗಿಲಿರುವ ಚಿಕ್ಕ ಕೋಣೆ) ಅಥವಾ 4 ಬರ್ತ್‌ನ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿದ್ದರೆ ಮಾತ್ರ ನಾಯಿ ಜೊತೆಗಿರಬಹುದು. ಬರೀ ಎರಡು ಟಿಕೆಟ್ ತಗೊಂಡರೆ ಕೂಪೆ ಸಿಕ್ಕೇ ಸಿಗುತ್ತೆ ಅಂತಿಲ್ಲ, ಯಾರಿಗೆ ಯಾವ ಬರ್ತ್ ಅನ್ನುವ ಚಾರ್ಟ್ ಆಗುವ ಮುಂಚೆಯೇ ಕೂಪೆ ಬೇಕು ಅಂತ ರೈಲ್ವೆಗೆ ಅರ್ಜಿ ಕೊಡಿ. ಪಾರ್ಸೆಲ್ ಆಫೀಸಿನಲ್ಲಿ ದುಡ್ಡು ಕಟ್ಟಿ ರಸೀದಿ ತಗೊಳ್ಳಿ. ಲಸಿಕೆ ಕಾರ್ಡು, ಪಶುವೈದ್ಯರ ಸರ್ಟಿಫಿಕೇಟು ಕೈಯಲ್ಲೇ ಇರಲಿ.

ಇನ್ನೊಂದು ದಾರಿ ಗಾರ್ಡ್ ವ್ಯಾನಿನ (ರೈಲಿನ ಗಾರ್ಡ್ ಇರುವ ಬೋಗಿಯ) ಡಾಗ್ ಬಾಕ್ಸ್, ಅಂದರೆ ನಾಯಿ ಇಡುವ ಪೆಟ್ಟಿಗೆ. ದಯವಿಟ್ಟು ಅದು ಬೇಡ. ಕತ್ತಲು, ಸೆಕೆ, ಗಡಗಡ ಸದ್ದು. ಅಷ್ಟು ದೊಡ್ಡ ನಾಯಿ ಅದರಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಮನೆಮಂದಿಯ ಜೊತೆ ಬೆಳೆದ ಜೀವ ರಾತ್ರಿಯಿಡೀ ಹೆದರಿ ಒದ್ದಾಡುತ್ತೆ.

ಪ್ರಯಾಣಿಕರು ನಾಯಿ ಬೇಡ ಅನ್ನುವುದು ಸರಿಯೇ. ನಾಯಿ ಕಂಡರೆ ಮೈ ನಡುಗುವವರು ಓಡುವ ರೈಲಿನಲ್ಲಿ ಎಲ್ಲಿಗೆ ಎದ್ದು ಹೋಗಬೇಕು ಹೇಳಿ? ಆದರೆ ಸಾಮಾನ್ಯ ದರದಲ್ಲೇ ಸಾಕುಪ್ರಾಣಿಗಳಿಗೆ ಒಂದು ಬೇರೆ ವಿಭಾಗವನ್ನು ರೈಲ್ವೆ ಕೊಡಲೇಬೇಕು. ಫಸ್ಟ್ ಎಸಿಗೆ ದುಡ್ಡಿರುವವರ ನಾಯಿಗೆ ಮಾತ್ರ ಸುಖ ಅಂದರೆ ಅನ್ಯಾಯ ಅಲ್ವಾ?

ಕೂಪೆ ಸಿಗದಿದ್ದರೆ ಕಾರು ಮಾಡಿಕೊಳ್ಳಿ. ತುಮಕೂರು, ಚಿತ್ರದುರ್ಗದ ಹತ್ತಿರ ನಿಲ್ಲಿಸಿ ನೀರು ಕುಡಿಸಿ, ಸ್ವಲ್ಪ ಓಡಾಡಿಸಿ.