ಬರ್ಮಾದ ಪಡ್ಡು

ಪ್ರಶ್ನೆ: ಮುಂದಿನ ತಿಂಗಳು ಬರ್ಮಾದ (ಈಗಿನ ಮ್ಯಾನ್ಮಾರ್) ಯಾಂಗೊನ್‌ಗೆ ಹೊರಟಿದ್ದೇವೆ. ನಾವು ಸಸ್ಯಾಹಾರಿಗಳು. ಬೀದಿ ತಿಂಡಿ ತಿನ್ನಬಹುದಾ ಮೇಡಂ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ! ನಾನು ಹೋದಾಗ ಮೊದಲು ಕಂಡದ್ದೇ ಪಡ್ಡಿನ ಕಾವಲಿ. ಅಕ್ಕಿ ಹಿಟ್ಟು, ಈರುಳ್ಳಿ ಸೊಪ್ಪು, ಬೆಂದ ಕಡಲೆ. ಬೆಂದ ಎರಡು ಅರ್ಧಗಳನ್ನು ಜೋಡಿಸಿ ಒಂದು ಮಾಡುತ್ತಾರೆ. ಅದಕ್ಕೇ ‘ಮೊಂಟ್ ಲಿನ್ ಮಯಾ’, ಅಂದ್ರೆ ಗಂಡ-ಹೆಂಡತಿ ತಿಂಡಿ! ಕೆಲವದರಲ್ಲಿ ಕಾಡೆ ಹಕ್ಕಿಯ ಮೊಟ್ಟೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ಸಿಹಿಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ‘ಮೊಂಟ್ ಲೋನ್ ಯೇ ಪಾ’. ಅಂಟಕ್ಕಿ ಹಿಟ್ಟಿನ ಉಂಡೆ, ಒಳಗೆ ತಾಳೆ ಬೆಲ್ಲ. ಕುದಿಯುವ ನೀರಿನಲ್ಲಿ ಮೇಲೆ ತೇಲಿದರೆ ಬೆಂದಿದೆ ಎಂದರ್ಥ. ಮೇಲೆ ತೆಂಗಿನ ತುರಿ. ನಮ್ಮ ಕಡುಬಿನ ತಂಗಿಯೇ ಅನ್ನಿ. ಏಪ್ರಿಲ್‌ನ ತಿಂಜಾನ್ ಹಬ್ಬದಲ್ಲಿ ಮಾತ್ರ ಹುಷಾರು, ತಮಾಷೆಗೆ ಬೆಲ್ಲದ ಬದಲು ಮೆಣಸಿನಕಾಯಿ ತುಂಬಿರುತ್ತಾರೆ.

ಬಿಸಿಲಿಗೆ ‘ಶ್ವೇ ಯಿನ್ ಏ’ ಕುಡಿಯಿರಿ. ತಣ್ಣನೆಯ ತೆಂಗಿನ ಹಾಲಿನಲ್ಲಿ ಸಾಬಕ್ಕಿ, ಜೆಲ್ಲಿ, ಜೊತೆಗೆ ಒಂದು ತುಂಡು ಬ್ರೆಡ್! ನೋಡಿದಾಗ ಇದೇನಪ್ಪಾ ಅನ್ನಿಸಿತು, ಆಮೇಲೆ ಎರಡನೇ ಬಟ್ಟಲು ಕೇಳಿದೆ.

ಬೆಳಗ್ಗೆ ಎಲ್ಲೆಡೆ ಸಿಗುವ ಮೊಹಿಂಗಾ ನಿಮಗಲ್ಲ, ಅದು ಮೀನಿನ ಸಾರು. ಸಲಾಡ್‌ಗಳಲ್ಲೂ ಮೀನಿನ ಸಾಸ್ ಇರುತ್ತದೆ, ಸುಮ್ನೆ ನಂಬಬೇಡಿ. ಸಸ್ಯಾಹಾರಕ್ಕೆ ಅಲ್ಲಿನ ಮಾತು ‘ಥೆ ಥಾ ಲು’. ನನ್ನ ಉಚ್ಚಾರಕ್ಕೆ ಅಂಗಡಿಯಾಕೆ ನಕ್ಕಳು, ಆದರೆ ಅರ್ಥವಾಯಿತು.