ಎರಡು ನಾಣ್ಯ, ಒಂದು ಕಾಗದ

ಪ್ರಶ್ನೆ: ‘ಬೋಸಾನ್’ ಅನ್ನೋ ಕಣಗಳ ಹೆಸರು ನಮ್ಮ ಸತ್ಯೇಂದ್ರನಾಥ ಬೋಸರಿಂದ ಬಂದದ್ದಂತೆ. ಅಂಥವರಿಗೆ ನೊಬೆಲ್ ಕೊಡದೆ ಬರೀ ಹೆಸರಿಟ್ಟು ಕೈತೊಳೆದುಕೊಂಡರಲ್ಲ, ಅನ್ಯಾಯ ಅಲ್ವಾ?

ಉತ್ತರ: ಈ ಸಿಟ್ಟು ನನಗೂ ಇತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಬೋಸರ ಪಾಠ ಬಂತೆಂದರೆ ಅರ್ಧ ತರಗತಿ ನೊಬೆಲ್ ಸಮಿತಿಯನ್ನು ಬೈಯುವುದರಲ್ಲೇ ಹೋಗುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಅವರು ಮಾಡಿದ್ದೇನು ಅಂತ ಇನ್ನೂ ಹೇಳಲೇ ಇಲ್ಲ.” ಅವತ್ತಿನಿಂದ ಬೈಗುಳ ಬಿಟ್ಟೆ, ಜೇಬಿನಿಂದ ಎರಡು ನಾಣ್ಯ ತೆಗೆಯಲು ಶುರು ಮಾಡಿದೆ.

ಎರಡನ್ನೂ ಚಿಮ್ಮಿ. ಎರಡೂ ಹೆಡ್, ಎರಡೂ ಟೇಲ್, ಇಲ್ಲವೇ ಒಂದೊಂದು. ಈ ಒಂದೊಂದು ಎರಡು ರೀತಿಯಲ್ಲಿ ಬೀಳಬಹುದು, ಯಾವ ನಾಣ್ಯ ಹೆಡ್ ಅನ್ನೋದರ ಮೇಲೆ. ಒಟ್ಟು 4 ಬಗೆ. ಎರಡೂ ಹೆಡ್ ಬೀಳುವುದು ನಾಲ್ಕರಲ್ಲಿ ಒಂದು ಸಲ. ಬೆಳಕಿನ ಕಣಗಳ ಲೆಕ್ಕ ಬೇರೆ. ಅಲ್ಲಿ ‘ಇದು’, ‘ಅದು’ ಅಂತ ಗುರುತಿಸಲು ಏನೂ ಇಲ್ಲ. ಬಗೆ ಮೂರೇ, ಎರಡೂ ಒಂದೇ ಕಡೆ ಸೇರುವುದು ಜಾಸ್ತಿ. ಹೀಗೆ ಎಣಿಸಿಯೇ ಬೋಸರು, ಬಿಸಿ ವಸ್ತು ಸೂಸುವ ಬೆಳಕಿಗೆ ಜರ್ಮನ್ ಭೌತವಿಜ್ಞಾನಿ ಪ್ಲಾಂಕ್ ಕೊಟ್ಟಿದ್ದ ಸೂತ್ರವನ್ನು ಹಳೆಯ ಅಲೆ ಸಿದ್ಧಾಂತದ ಹಂಗಿಲ್ಲದೆ ಪಡೆದರು.

ಆಗ ಅವರು ಢಾಕಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1924ರ ಜೂನಿನಲ್ಲಿ ಲೇಖನವನ್ನು ನೇರವಾಗಿ ಐನ್‌ಸ್ಟೈನ್‌ಗೇ ಕಳಿಸಿದರು. ಜೊತೆಗಿದ್ದ ಕಾಗದ ನನಗೆ ಬಹಳ ಇಷ್ಟ. ನಿಮ್ಮ ಸಾಪೇಕ್ಷತಾ ಲೇಖನಗಳನ್ನು ಇಂಗ್ಲಿಷಿಗೆ ತರಲು ಕಲ್ಕತ್ತೆಯಿಂದ ಯಾರೋ ಅನುಮತಿ ಕೇಳಿದ್ದು ನೆನಪಿದೆಯೇ, ಅದರಲ್ಲಿ ಒಂದನ್ನು ಅನುವಾದಿಸಿದವನು ನಾನೇ ಅಂತ ಪರಿಚಯ ಮಾಡಿಕೊಳ್ಳುತ್ತಾರೆ! ಐನ್‌ಸ್ಟೈನ್ ಲೇಖನವನ್ನು ತಾವೇ ಜರ್ಮನಿಗೆ ಅನುವಾದಿಸಿ, ಇದು ಮಹತ್ವದ ಹೆಜ್ಜೆ ಅಂತ ಟಿಪ್ಪಣಿ ಸೇರಿಸಿ ಅಚ್ಚು ಮಾಡಿಸಿದರು. ಆಮೇಲೆ ಅದೇ ಎಣಿಕೆಯನ್ನು ಪರಮಾಣುಗಳಿಗೂ ಹಚ್ಚಿದರು. ಆ ಲೆಕ್ಕ ಮುಂಚೆಯೇ ಹೇಳಿದ ವಿಚಿತ್ರ ದ್ರವ್ಯಸ್ಥಿತಿ (ತೀರಾ ತಣ್ಣಗಾದಾಗ ಪರಮಾಣುಗಳು ಒಟ್ಟಾಗಿ ಒಂದೇ ಸ್ಥಿತಿಗೆ ಸೇರುವುದು) ಪ್ರಯೋಗಾಲಯದಲ್ಲಿ ಕಾಣಲು 1995 ಬರಬೇಕಾಯಿತು. ಮಾಡಿ ತೋರಿಸಿದ ಮೂವರಿಗೆ 2001ರಲ್ಲಿ ನೊಬೆಲ್ ಬಂತು. ಹೌದು, ಇಲ್ಲಿ ಹೊಟ್ಟೆ ಉರಿಯುತ್ತದೆ.

ಆದರೆ ಬೋಸರ ಈ ಎಣಿಕೆಗೆ ಒಳಪಡುವ ಕಣಗಳಿಗೆಲ್ಲ ‘ಬೋಸಾನ್’ ಅಂತ ಹೆಸರಿಟ್ಟವರು ಇಂಗ್ಲಿಷ್ ಭೌತವಿಜ್ಞಾನಿ ಡಿರಾಕ್. ಅದನ್ನು ಬರೀ ಹೆಸರು ಅನ್ನಬೇಡಿ. ಕೋಲ್ಕತ್ತದಲ್ಲಿ 1986ರಿಂದ ಬೋಸರ ಹೆಸರಿನ ಸಂಶೋಧನಾ ಕೇಂದ್ರವೂ ಇದೆ. ಅವರಿಗೆ ಯಾವುದು ಹೆಚ್ಚು ಹಿಡಿಸುತ್ತಿತ್ತು ಅಂತ ಕೇಳಿದರೆ, ನಾನು ಮೂರನೆಯದನ್ನೇ ಹೇಳುತ್ತೇನೆ: 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹೇಳಲೆಂದು ಅವರೇ ಕಟ್ಟಿದ ವಂಗೀಯ ವಿಜ್ಞಾನ ಪರಿಷತ್ತು.

ಜನವರಿ 1 ಅವರ ಹುಟ್ಟಿದ ದಿನ, 1894ರದು. ಅವತ್ತು ಮಕ್ಕಳ ಕೈಗೆ ಎರಡು ನಾಣ್ಯ ಕೊಟ್ಟು ನೂರು ಸಲ ಚಿಮ್ಮಿಸಿ, ಬಂದದ್ದನ್ನು ಬರೆದಿಡಲು ಹೇಳಿ. ನಾಣ್ಯ ಮಂಚದ ಕೆಳಗೆ ಹೋದರೆ ಆ ಸಲದ್ದು ಲೆಕ್ಕಕ್ಕಿಲ್ಲ.