1866ರಲ್ಲಿ ಸೂಯೆಜ್ ಕಾಲುವೆ ಇರಲಿಲ್ಲ, ಆದರೂ ಇಸವಿ ಬದಲಿಸಬೇಡಿ

ನಿಮ್ಮ ಕಾದಂಬರಿಯ ನಾಯಕಿ 1866ರಲ್ಲಿ ಲಂಡನ್ನಿನಿಂದ ಸೂಯೆಜ್ ಕಾಲುವೆ ದಾಟಿ ಬೆಂಗಳೂರು ದಂಡಿಗೆ ಬರಬಹುದೇ ಎಂದು ಕೇಳಿದ್ದೀರಿ. ಆಗದು, ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಆದರೆ ದಯವಿಟ್ಟು ಇಸವಿ ಬದಲಿಸಬೇಡಿ. ಆಗ ಅಲೆಕ್ಸಾಂಡ್ರಿಯಾದಲ್ಲಿ ಹಡಗಿಳಿದು, ರೈಲಿನಲ್ಲಿ ಕೈರೋ ಮೇಲೆ ಸೂಯೆಜ್‌ಗೆ ಹೋಗಿ, ಅಲ್ಲಿ ಬೇರೆ ಹಡಗು ಹತ್ತಬೇಕಿತ್ತು. ಪೆಟ್ಟಿಗೆ ಅದಲುಬದಲಾಗಲು, ಬೆನ್ನು ಹತ್ತಿದವನು ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಮದರಾಸಿನಿಂದ ಮುಂದಕ್ಕೆ ರೈಲೇ ಇದೆ, ಜೋಲಾರಪೇಟೆ–ಬೆಂಗಳೂರು ಮಾರ್ಗ 1864ರಲ್ಲೇ ಶುರುವಾಗಿತ್ತು.

ಪತ್ರಗಳನ್ನಂತೂ ಬಿಡಬೇಡಿ. ಅಂಚೆಗೆ ತೂಕದ ಮೇಲೆ ದರ. ಹಾಗಾಗಿ ತೆಳು ಹಾಳೆಯ ತುಂಬ ಬರೆದು, ಅದನ್ನೇ ಅಡ್ಡ ತಿರುಗಿಸಿ ಆ ಸಾಲುಗಳ ಮೇಲೆಯೇ ಮತ್ತೆ ಬರೆಯುವವರಿದ್ದರು. ಅಂಥ ಹಾಳೆ ಜಾಲರಿಯಂತೆ ಕಾಣುತ್ತದೆ. ಕಣ್ಣು ಪಳಗುವ ತನಕ ಓದಲು ಬಲು ಕಷ್ಟ. ನಾಯಕ ಬರೆದ ಎಚ್ಚರಿಕೆಯ ಸಾಲನ್ನು ಅವಳು ದೀಪದ ಬೆಳಕಲ್ಲಿ ತಪ್ಪಾಗಿ ಓದಿಕೊಳ್ಳಲಿ. ಕೇಳಿ ಖಚಿತ ಮಾಡಿಕೊಳ್ಳೋಣವೆಂದರೆ ಲಂಡನ್ನಿನಿಂದ ಉತ್ತರ ಬರಲು ಎರಡು ತಿಂಗಳಾದರೂ ಬೇಕು. ಲಂಡನ್ನಿಗೂ ಭಾರತಕ್ಕೂ ನಡುವೆ ತಂತಿ 1865ರಿಂದ ಇತ್ತು, ಆದರೆ ತೀರಾ ದುಬಾರಿ, ದಾರಿಯಲ್ಲಿ ಪದಗಳು ಕೆಡುವುದೂ ಇತ್ತು. ನಾಯಕನ ಸಂಬಳ ಎಷ್ಟೆಂದು ನೋಡಿಕೊಂಡು ತೀರ್ಮಾನಿಸಿ.